ಒಂದೇ ಥಾನಿನ ಮನೆ

ಮಹಾನವಮಿ ಮುಗಿದ ಮಾರನೆಯ ದಿನದಿಂದ ಬಳ್ಳಾರಿ ಸೀಮೆಯ ಕರೂರಿನ ಉಜ್ಜಿನಪ್ಪನ ಮುಖ ಇಳಿಯಲು ಶುರುವಾಗುತ್ತದೆ. ದೀವಳಿಗೆ ಹತ್ತಿರ ಬಂದಂತೆ ಅದು ಎಷ್ಟು ಇಳಿಯುತ್ತದೆಂದರೆ, ಎದುರಿಗೆ ಕೂತವರು ಅವನ ಮೊಣಕಾಲಿನ ಹತ್ತಿರ ಮುಖ ಹುಡುಕಿಕೊಂಡು ಮಾತಾಡಬೇಕು. ಗದ್ದೆಯಲ್ಲಿ ಭತ್ತ ತಲೆ ತೂಗುತ್ತಿರುತ್ತದೆ, ಹಟ್ಟಿಯಲ್ಲಿ ಎಮ್ಮೆ ಹಾಲು ಕೊಡುತ್ತಿರುತ್ತದೆ, ಮೈಯಲ್ಲಿ ಯಾವ ಬೇನೆಯೂ ಇರುವುದಿಲ್ಲ. ಆದರೂ ಈ ಮನುಷ್ಯ ಕಟ್ಟೆಯ ಮೇಲೆ ಕೂತು ಒಂದು ನಿಟ್ಟುಸಿರು ಬಿಟ್ಟರೆ ಎದುರು ಮನೆಯ ಬಾಗಿಲ ಪರದೆ ಒಳಗೆ ಹೋಗಿ ಹೊರಗೆ ಬರುತ್ತದೆ. ಕಾರಣ ಊರಿಗೆಲ್ಲ ಗೊತ್ತು. ಮನೆಯ ಮಕ್ಕಳಿಗೆ ಹಬ್ಬದ ಬಟ್ಟೆ ತರುವ ಕೆಲಸ ಅವನದು.

ಈ ಕೆಲಸವನ್ನು ಅವನು ಬೇಡಿ ಪಡೆದದ್ದಲ್ಲ. ಅಪ್ಪ ತೀರಿಕೊಂಡಾಗ ಹೊಲ, ಮನೆ, ಒಂದು ಕೆಮ್ಮು ಮತ್ತು ಈ ಕೆಲಸ ನಾಲ್ಕೂ ಒಟ್ಟಿಗೆ ಹೆಗಲಿಗೆ ಬಂದವು. ಕೆಮ್ಮು ವಾಸಿಯಾಯಿತು. ಬಟ್ಟೆಯ ಕೆಲಸ ಮಾತ್ರ ಮೀಸೆ ಕಪ್ಪಗಿದ್ದಾಗಿನಿಂದ ಮೀಸೆ ಬೆಳ್ಳಗಾಗುವವರೆಗೂ ಅವನ ಜೊತೆಗೇ ಇದೆ.

ಇವರದು ಒಂದೇ ಒಲೆಯ ಮನೆ. ಉಜ್ಜಿನಪ್ಪನ ಮೊಮ್ಮಕ್ಕಳು, ಅವನ ತಮ್ಮ ಸಂಗಮೇಶನ ಮಕ್ಕಳು ಎಲ್ಲ ಸೇರಿ ಏಳು ಜನ ಹುಡುಗ ಹುಡುಗಿಯರು. ಎಲ್ಲರ ಮೇಲೆ ಉಜ್ಜಿನಪ್ಪನ ತಾಯಿ ದೊಡ್ಡಬಸಮ್ಮ. ಆಕೆಯ ವಯಸ್ಸು ಯಾರಿಗೂ ಗೊತ್ತಿಲ್ಲ. ಆಧಾರ್ ಕಾರ್ಡಿನಲ್ಲಿ ಇರುವುದು ಕಾರ್ಡು ಮಾಡಿಸಲು ಬಂದವರು ಹೆದರಿ ಬರೆದ ವಯಸ್ಸು. ಆಕೆ ಸೊಸೆಯಾಗಿ ಬಂದ ಕಾಲದಲ್ಲಿ ಈ ಮನೆ ಇನ್ನೂ ದೊಡ್ಡದಿತ್ತಂತೆ. ಒಂದು ಹಬ್ಬಕ್ಕೆ ಒಬ್ಬ ಮೈದುನನ ಮಗಳಿಗೆ ಮಖಮಲ್ಲಿನ ಲಂಗ ಬಂತು, ಇನ್ನೊಬ್ಬನ ಮಗಳಿಗೆ ಬರಲಿಲ್ಲ. ಯುಗಾದಿ ಬರುವಷ್ಟರಲ್ಲಿ ಅಡುಗೆಮನೆಯ ನಡುವೆ ಗೋಡೆ ಎದ್ದಿತ್ತು. ಅಂದಿನಿಂದ ದೊಡ್ಡಬಸಮ್ಮನ ಕಾನೂನು: ಹಬ್ಬಕ್ಕೆ ಒಂದೇ ಥಾನು ಬಟ್ಟೆ ಬರಬೇಕು, ಎಲ್ಲ ಮಕ್ಕಳಿಗೂ ಅದರಲ್ಲೇ ಹೊಲಿಸಬೇಕು. ಗಂಡಾಗಲಿ ಹೆಣ್ಣಾಗಲಿ, ಅದೇ ಬಣ್ಣ, ಅದೇ ಹೂ, ಅದೇ ಗೆರೆ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ.

ಗೋಡೆ ಮತ್ತೆ ಏಳಲಿಲ್ಲ ಎನ್ನುವುದು ನಿಜ. ಆದರೆ ಮಕ್ಕಳು ಸಾಲಾಗಿ ನಿಂತರೆ ಕಿಟಕಿಗೆ ಪರದೆ ಕಟ್ಟಿದ ಹಾಗೆ ಕಾಣುತ್ತಿತ್ತು. ಒಂದು ವರ್ಷ ಹಸಿರು ಥಾನು ತಂದಾಗ ಏಳೂ ಮಕ್ಕಳು ಗದ್ದೆಯ ಬದುವಿನ ಮೇಲೆ ಹೋಗುತ್ತಿದ್ದರೆ ಬರೀ ತಲೆಗಳಷ್ಟೇ ಹೋಗುತ್ತಿದ್ದವು. ಇನ್ನೊಂದು ವರ್ಷ ಕಿತ್ತಳೆ ಬಣ್ಣದ್ದು. ರಸ್ತೆ ದಾಟುವಾಗ ಸಿರುಗುಪ್ಪದ ಬಸ್ಸು ತಾನಾಗೇ ನಿಂತುಬಿಟ್ಟಿತು. ಮುಂದೆ ಕಾಮಗಾರಿ ನಡೆದಿದೆ ಎಂದು ಡ್ರೈವರ್ ಇಳಿದು ಬೇರೆ ದಾರಿ ಕೇಳಿದನಂತೆ.

ಬಣ್ಣದ ಕಥೆ ಇದಾದರೆ ಅಳತೆಯದು ಬೇರೆಯೇ. ಮಕ್ಕಳು ಬೆಳೆಯುತ್ತವೆ, ಬಟ್ಟೆ ಬೆಳೆಯುವುದಿಲ್ಲ. ಹಾಗಾಗಿ ಮಗು ಮುಂದೆ ಎಷ್ಟು ಬೆಳೆಯಬಹುದೋ ಆ ಅಳತೆಗೆ ಬಟ್ಟೆ ಹೊಲಿಸುವುದು ಆ ಮನೆಯ ಪದ್ಧತಿ. ‘ಬೆಳೆಯೋ ಅಳತಿ’ ಎಂದು ಅದಕ್ಕೆ ಹೆಸರು. ಹಬ್ಬದ ದಿನ ಹುಡುಗ ಅಂಗಿಯೊಳಗೆ ಬಾಡಿಗೆಗೆ ಬಂದವನಂತೆ ಇರುತ್ತಿದ್ದ. ಅವನು ತಿರುಗಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಅಂಗಿ ತಿರುಗುತ್ತಿತ್ತು. ಕೊನೆಗೆ ಅಂಗಿ ಮೈಗೆ ಸರಿಹೋಗುವ ದಿನ ಬಂದಾಗ ಅದು ಮೊಣಕೈ ಹರಿದು ಎಮ್ಮೆಯ ಮೈ ಉಜ್ಜುವ ಕೆಲಸಕ್ಕೆ ಹೋಗಿರುತ್ತಿತ್ತು.

ಏಳು ಮಕ್ಕಳನ್ನು ಬಸ್ಸಿನಲ್ಲಿ ಹೊತ್ತುಕೊಂಡು ತಿರುಗಲು ಉಜ್ಜಿನಪ್ಪನಿಗೆ ಶಕ್ತಿಯಿಲ್ಲ. ಅದಕ್ಕೆ ಅವನು ಒಂದು ನೂಲಿನ ಹುರಿ ಇಟ್ಟುಕೊಂಡಿದ್ದ. ಮಕ್ಕಳನ್ನು ಗೋಡೆಗೆ ನಿಲ್ಲಿಸಿ, ಭುಜದಿಂದ ಪಾದದವರೆಗೆ ಹುರಿ ಹಿಡಿದು, ಒಬ್ಬೊಬ್ಬರ ಎತ್ತರಕ್ಕೆ ಒಂದೊಂದು ಗಂಟು ಹಾಕುತ್ತಿದ್ದ. ಬಳ್ಳಾರಿಗೆ ಹೋಗಿ ಥಾನು ತಂದು, ಸಿರುಗುಪ್ಪದ ಟೈಲರ್ ಓಬಳೇಶನಿಗೆ ಥಾನು ಮತ್ತು ಹುರಿ ಎರಡನ್ನೂ ಕೊಟ್ಟು ಬಂದರೆ ಮುಗಿಯಿತು. ಓಬಳೇಶ ಆ ಮಕ್ಕಳ ಮುಖ ಕಂಡವನಲ್ಲ. ಅವನ ಪಾಲಿಗೆ ಅವರು ಏಳು ಗಂಟುಗಳು.

ಹೋದ ವರ್ಷದ ದೀವಳಿಗೆಗೆ ಈ ಹುರಿಯೇ ಕೈಕೊಟ್ಟಿತು. ಉಜ್ಜಿನಪ್ಪ ಕಾಲುವೆಯಲ್ಲಿ ಕಾಲು ತೊಳೆಯಲು ಬಗ್ಗಿದಾಗ ಜೇಬಿನಲ್ಲಿದ್ದ ಹುರಿ ನೀರಿಗೆ ಬಿತ್ತು. ತೆಗೆದು ಹಿಂಡಿ, ಬಸ್ಸಿನ ಕಿಟಕಿಗೆ ಕಟ್ಟಿ ಒಣಗಿಸಿಕೊಂಡು ಹೋದ. ನೀರು ಕುಡಿದ ನೂಲು ಒಣಗುವಾಗ ಕುಗ್ಗುತ್ತದೆ ಎನ್ನುವುದು ಅವನ ತಲೆಗೆ ಹೊಳೆಯಲಿಲ್ಲ. ಹುರಿ ಕುಗ್ಗಿತ್ತು. ಅದರ ಜೊತೆ ಏಳು ಮಕ್ಕಳೂ ಕುಗ್ಗಿದರು. ಬೆಳೆಯಲೆಂದು ಬಿಟ್ಟದ್ದೂ ಹೋಯಿತು, ಇದ್ದದ್ದೂ ಹೋಯಿತು. ಹಬ್ಬದ ಬೆಳಿಗ್ಗೆ ನೋಡಿದರೆ ಅಂಗಿಗಳು ಹೊಕ್ಕಳು ಮುಚ್ಚಲೋ ಬೇಡವೋ ಎಂದು ಯೋಚಿಸುತ್ತ ನಿಂತಿದ್ದವು.

ಉಜ್ಜಿನಪ್ಪ ಸಿರುಗುಪ್ಪಕ್ಕೆ ಹೋಗಿ ಜಗಳ ತೆಗೆದ.

"ಏನಪ್ಪಾ ಓಬಳೇಶ, ನಮ್ಮ ಹುಡ್ರು ಹಿಂದಕ್ಕ ಬೆಳ್ಯಾಕ ಹತ್ಯಾವ ಅಂತ ತಿಳ್ಕೊಂಡೀಯೇನು?"

"ನನಗೇನು ಗೊತ್ತಣ್ಣಾ, ಗಂಟು ಎಲ್ಲಿತ್ತೋ ಅಲ್ಲಿ ಕತ್ರಿ ಹಾಕೀನಿ. ನಿಮ್ಮ ಹುಡ್ರನ್ನ ನಾ ಯಾವತ್ತರ ನೋಡೀನೇನು?"

ಉತ್ತರ ಸರಿಯಾಗಿಯೇ ಇತ್ತು. ಉಜ್ಜಿನಪ್ಪ ಒಂದು ಕಪ್ ಚಹಾ ಕುಡಿದು ವಾಪಸು ಬಂದ.

ಸಣ್ಣ ಮಕ್ಕಳು ಅದನ್ನೇ ಹಾಕಿಕೊಂಡು ಕುಣಿದವು. ಕಷ್ಟವಾದದ್ದು ಸಂಗಮೇಶನ ಹಿರಿಯ ಮಗಳು ಪಂಪಾವತಿಗೆ. ಅವಳು ಬಸ್ಸು ಹತ್ತಿ ಸಿರಿಗೇರಿಯ ಹೈಸ್ಕೂಲಿಗೆ ಹೋಗುತ್ತಾಳೆ, ಒಂಬತ್ತನೇ ಕ್ಲಾಸು. ಬಣ್ಣದ ಬಟ್ಟೆ ಹಾಕುವ ಶನಿವಾರ ಆ ಚೂಡಿದಾರ ಹಾಕಿಕೊಂಡು ಹೋದಳು. ಗೆಳತಿಯರು ಅವಳ ಪಾದದಿಂದ ಮೇಲಕ್ಕೆ ನೋಡುತ್ತ ಹೋದರು. ಪ್ಯಾಂಟು ಸಿಗಬೇಕಾದರೆ ಬಹಳ ದೂರ ಹೋಗಬೇಕಾಯಿತು. "ಯಾಕಲೇ ಪಂಪಿ, ಹಗರಿ ಹೊಳಿ ದಾಟಾಕ ಹೊಂಟೀಯೇನು?" ಎಂದು ಒಬ್ಬಳು ಕೇಳಿದಳು. ಇಡೀ ವರ್ಷ ಅವಳಿಗೆ ಅದೇ ಹೆಸರು: ಹಗರಿ. ಪಂಪಾವತಿ ಅಳಲಿಲ್ಲ, ಮನೆಯಲ್ಲಿ ಹೇಳಲೂ ಇಲ್ಲ. ಆ ಬಟ್ಟೆಯನ್ನು ಮಡಚಿ ಇಟ್ಟಳು, ಮತ್ತೆ ಮುಟ್ಟಲಿಲ್ಲ.

ಈ ವರ್ಷ ಉಜ್ಜಿನಪ್ಪ ಹುರಿ ಹಿಡಿದು ಗೋಡೆಯ ಹತ್ತಿರ ನಿಂತಾಗ ಆರು ಮಕ್ಕಳು ಬಂದವು. ಪಂಪಾವತಿ ಬರಲಿಲ್ಲ.

"ಬಾರವ್ವಾ, ಲಗೂನ ನಿಂದ್ರು. ನನ್ನ ಸೊಂಟ ನೋಯ್ತೈತಿ."

"ನಾ ನಿಂದ್ರಂಗಿಲ್ಲ ದೊಡ್ಡಪ್ಪ. ನನ್ನ ಬಟ್ಟಿ ನಾನ ಆರಿಸ್ತೀನಿ."

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಉಜ್ಜಿನಪ್ಪನ ಹೆಂಡತಿ ಚನ್ನವೀರಮ್ಮನ ಕೈ ನಿಂತಿತು. ಪಡಸಾಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ದೊಡ್ಡಬಸಮ್ಮ ತಲೆ ಎತ್ತಿದಳು. ಹೊರಗೆ ಎಮ್ಮೆ ಮೆಲುಕು ಹಾಕುವುದನ್ನು ನಿಲ್ಲಿಸಿತು ಎಂದು ಹೇಳುವವರಿದ್ದಾರೆ.

"ಏಸು ವರ್ಷ ನಿನಗ?" ಎಂದಳು ದೊಡ್ಡಬಸಮ್ಮ.

"ಹದಿನಾಕು."

"ಹದಿನಾಕಕ್ಕ ನಾನು ನಿನ್ನ ದೊಡ್ಡಪ್ಪನ್ನ ತೊಟ್ಟಲಾಗ ಹಾಕಿ ತೂಗಾಕ ಹತ್ತಿದ್ದೆ. ನನ್ನನ್ನ ಯಾರು ಕೇಳಿದ್ರು, ಯಾವ ಸೀರಿ ಬೇಕಬೇ ಅಂತ?"

"ಹುಡುಗಿ ಹೇಳೋದರಾಗ ತಪ್ಪೇನೈತಿ ಅತ್ತಿ," ಎಂದು ನಡುವೆ ಬಂದಳು ಪಂಪಾವತಿಯ ತಾಯಿ ಸುನಂದಾ. ಆಕೆಯ ತವರು ಕುರುಗೋಡು. ಆಕೆಯ ಮಾತು ಎಲ್ಲಿಂದ ಹೊರಟರೂ ಕುರುಗೋಡಿಗೆ ಹೋಗಿಯೇ ನಿಲ್ಲುವುದು. "ನಮ್ಮ ಕುರುಗೋಡಾಗ ಮೂರು ವರ್ಷದ ಕೂಸು ಸೈತ ತನ್ನ ಅಂಗಿ ತಾನ ಆರಿಸ್ತೈತಿ."

"ಕುರುಗೋಡಾಗ ಕೂಸುಗಳು ಅವ್ವ ಅಪ್ಪನ್ನೂ ಆರಿಸಿಕೊಂಡ ಹುಟ್ತಾವೇನು?" ಎಂದಳು ದೊಡ್ಡಬಸಮ್ಮ.

ಸಂಗಮೇಶ ಮೊಬೈಲಿನಿಂದ ಕಣ್ಣು ತೆಗೆಯದೆ, "ಹದಿನೆಂಟಕ್ಕ ಓಟು ಹಾಕಾಕ ಬಿಡ್ತಾರ. ಅಲ್ಲೀತನ ತಡಿ," ಎಂದ.

"ಅಪ್ಪ, ನೀವು ಹಿಡಕೊಂಡಿರೋ ಆ ಮೊಬೈಲ್ ಆರಿಸಿಕೊಟ್ಟಾಕಿ ಯಾರು?" ಎಂದಳು ಪಂಪಾವತಿ. "ಫ್ಯಾನ್ ಯಾವುದು ತಗೋಬೇಕು, ಮಿಕ್ಸಿ ಯಾವುದು ತಗೋಬೇಕು, ಎಲ್ಲಾ ನನ್ನ ಕೇಳ್ತೀರಿ. ನನ್ನ ಮೈಮ್ಯಾಲೆ ಹಾಕ್ಕೊಳ್ಳೋದನ್ನ ಮಾತ್ರ ಹುರೀಗೆ ಕೇಳ್ತೀರಿ."

ಸಂಗಮೇಶ ಮೊಬೈಲನ್ನು ತಿರುಗಿಸಿ ನೋಡಿ ಜೇಬಿಗೆ ಹಾಕಿಕೊಂಡ. ಚನ್ನವೀರಮ್ಮ ರೊಟ್ಟಿಯನ್ನು ಹಂಚಿಗೆ ಹಾಕುತ್ತ, ಯಾರಿಗೂ ಅಲ್ಲದಂತೆ ಹೇಳಿದಳು: "ನಾನು ಮೊದಲನೇ ಸಲ ನನ್ನ ಸೀರಿ ಆರಿಸಿದ್ದು ಮೊಮ್ಮಗ ಹುಟ್ಟಿದ ಮ್ಯಾಲೆ. ಅದೂ ಅಂಗಡಿಯವ ‘ಇದ ನಿಮಗ ಚಲೋ ಕಾಣ್ತೈತಿ’ ಅಂದ, ಹೂಂ ಅಂದೆ."

ಆಗ ಉಜ್ಜಿನಪ್ಪ ಹುರಿಯನ್ನು ಕೆಳಗೆ ಇಟ್ಟ. ಸಿಟ್ಟಿನಿಂದ ಎಸೆಯಲಿಲ್ಲ, ಎಸೆಯಲೂ ತ್ರಾಣ ಬೇಕಲ್ಲ. ಮೆಲ್ಲಗೆ ಇಟ್ಟ. ಇಟ್ಟು ಅದರ ಪಕ್ಕದಲ್ಲೇ ಕೂತ.

"ಅವ್ವಾ, ನನಗ ಸಾಕಾಗೈತಿ. ಆ ಥಾನು ಹೊತ್ತು ಹೊತ್ತು ಈ ಹೆಗಲು ಆ ಹೆಗಲಿಗಿಂತ ತಗ್ಗೈತಿ ನೋಡು. ಅಂಗಡ್ಯಾಗ ನಿಂತ್ರ ಕಣ್ಣಾಗ ಏಳು ಹುಡ್ರ ಮಾರಿ ಬರ್ತಾವ. ಒಬ್ಬರಿಗೆ ಹೊಂದೋದು ಇನ್ನೊಬ್ಬರಿಗೆ ಹೊಂದಂಗಿಲ್ಲ. ಎಲ್ಲಾರಿಗೂ ಹೊಂದೋದು ಅಂದ್ರ ಯಾರಿಗೂ ಹೊಂದಲಾರದ್ದು ಒಂದ. ಅದನ್ನ ತರ್ತೀನಿ. ಇನ್ನ ಅವರವರದು ಅವರವರ ಆರಿಸ್ಲಿ. ನನ್ನ ಬಿಟ್ಟುಬಿಡ್ರಿ."

ಇಷ್ಟು ಉದ್ದ ಮಾತನ್ನು ಅವನು ಮದುವೆಯಲ್ಲೂ ಆಡಿರಲಿಲ್ಲ. ದೊಡ್ಡಬಸಮ್ಮ ಅವರೆಕಾಯಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. ಆಕೆ ಬುಟ್ಟಿ ಸರಿಸಿದಳೆಂದರೆ ತೀರ್ಪು ಬಂತೆಂದೇ ಅರ್ಥ.

"ಆತು. ಏಳೂ ಹುಡ್ರನ್ನ ಬಳ್ಳಾರಿಗೆ ಕರ್ಕೊಂಡು ಹೋಗು. ತಂತಮ್ಮದು ತಾವ ಆರಿಸ್ಲಿ. ನೀ ಬೊಟ್ಟು ಮಾಡಿ ತೋರಿಸಂಗಿಲ್ಲ. ಇದು ಚಲೋ ಐತಿ, ಅದು ಚಲೋ ಇಲ್ಲ ಅನ್ನಂಗಿಲ್ಲ. ಆದ್ರ ಹಬ್ಬ ಮುಗಿಯೋದರಾಗ ಈ ಮನಿಯಾಗ ಬಟ್ಟೀ ಸಲುವಾಗಿ ಒಂದ ಒಂದು ಮಾರಿ ಬಾಡಿದ್ರೂ, ಮುಂದಿನ ವರ್ಷದಿಂದ ಮತ್ತ ಥಾನು. ನೀ ಇರೋತನ ಥಾನು. ಮತ್ತ ನನ್ನ ಮುಂದ ಹೆಗಲು ತೋರಿಸಬಾರದು."

ಉಜ್ಜಿನಪ್ಪ ಒಪ್ಪಿದ. ಬಾವಿಗೆ ಬಿದ್ದವನಿಗೆ ಹಗ್ಗ ಇಳಿಬಿಟ್ಟು ಷರತ್ತು ಹೇಳಿದರೆ ಅವನು ಷರತ್ತನ್ನು ಎಲ್ಲಿ ಕೇಳುತ್ತಾನೆ?

ಬಳ್ಳಾರಿಯ ಬಸ್ ನಿಲ್ದಾಣದಲ್ಲಿ ಮಧ್ಯಾಹ್ನದ ಹೊತ್ತಿಗೆ ನೆರಳು ಕೂಡ ಟಿಕೆಟ್ ತೆಗೆದು ಬೇರೆ ಊರಿಗೆ ಹೋಗಿಬಿಡುತ್ತದೆ. ಅಂಥ ಬಿಸಿಲಿನಲ್ಲಿ ಉಜ್ಜಿನಪ್ಪ ಏಳು ಮಕ್ಕಳನ್ನು ಕೋಳಿಮರಿಗಳಂತೆ ಅಟ್ಟಿಕೊಂಡು ಬೆಂಗಳೂರು ರಸ್ತೆಗೆ ಬಂದ. ಅವನು ಪ್ರತಿ ವರ್ಷ ಥಾನು ಒಯ್ಯುವ ಅಂಗಡಿಯಲ್ಲೇ ಈಗ ಮಹಡಿಯ ಮೇಲೆ ರೆಡಿಮೇಡ್ ಬಂದಿದೆ. ಮಾಲೀಕ ಸುಭಾಷ್ ದೂರದಿಂದಲೇ ನೋಡಿದ.

"ಬರ್ರಿ ಬರ್ರಿ ಉಜ್ಜಿನಪ್ಪಣ್ಣಾ. ನಿಮಗಂತನ ಒಂದು ಥಾನು ತೆಗೆದಿಟ್ಟೀನಿ. ಬೂದಿ ಬಣ್ಣ. ಧೂಳು ಬಿದ್ರೂ ಕಾಣಂಗಿಲ್ಲ, ಹುಡ್ರು ಬಿದ್ರೂ ಕಾಣಂಗಿಲ್ಲ."

"ಥಾನು ಬ್ಯಾಡ ಸುಭಾಷ್. ಈ ವರ್ಷ ಅವರ ಆರಿಸ್ತಾರ. ನನಗೊಂದು ಸ್ಟೂಲ್ ಕೊಡು."

ಮಹಡಿ ಹತ್ತಿದ ಮಕ್ಕಳು ಸುತ್ತಲೂ ನೋಡಿದವು. ಜೀನ್ಸ್ ಹೊಲಿದು ಊರೂರಿಗೆ ಕಳಿಸುವ ಬಳ್ಳಾರಿಯಲ್ಲವೇ, ಪ್ಯಾಂಟುಗಳೇ ಒಂದು ಗುಡ್ಡದಷ್ಟಿದ್ದವು. ಗುಡ್ಡದ ತುದಿಯಲ್ಲಿ ಮೋಡ ಕೂಡ ಇತ್ತು, ಆದರೆ ಅದು ಫ್ಯಾನಿಗೆ ಹಾರುತ್ತಿದ್ದ ನೂಲಿನ ದೂಳು. "ಆರಿಸ್ಕೊಳ್ರೆಪಾ," ಎಂದು ಹೇಳಿ ಉಜ್ಜಿನಪ್ಪ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದ.

ಸ್ವಲ್ಪ ಹೊತ್ತಿಗೆ ಸುಭಾಷನ ದನಿ ಕೇಳಿತು. "ಏನಣ್ಣಾ ಇದು, ಪೊಲೀಸರು ಹಿಡದಂಗ ನಿಲ್ಲಿಸೀರಿ?"

ಕಣ್ಣು ತೆರೆದರೆ, ಪಂಪಾವತಿಯನ್ನು ಬಿಟ್ಟು ಉಳಿದ ಆರೂ ಮಕ್ಕಳು ಎತ್ತರದ ಪ್ರಕಾರ ಗೋಡೆಗೆ ಬೆನ್ನು ಹಚ್ಚಿ, ಅಳತೆಗೆ ಕೈ ಎತ್ತಿಕೊಂಡು ನಿಂತಿದ್ದವು. ಬಟ್ಟೆ ಎಂದರೆ ಅವುಗಳಿಗೆ ಗೊತ್ತಿದ್ದದ್ದು ಅಷ್ಟೇ. ನಿಲ್ಲಬೇಕು, ಕೈ ಎತ್ತಬೇಕು, ಆಮೇಲೆ ಒಂದು ದಿನ ಬಟ್ಟೆ ಬರುತ್ತದೆ.

ಆರಿಸುವುದು ಎಂದರೆ ಏನು ಎಂದು ತಿಳಿಸಿ ಹೇಳಿದ ಮೇಲೆ ಗದ್ದಲ ಶುರುವಾಯಿತು. ಒಬ್ಬ ತನಗಿಂತ ಎರಡು ಪಟ್ಟು ದೊಡ್ಡ ಅಂಗಿ ಹಾಕಿಕೊಂಡು ಬಂದ. ಇಷ್ಟು ದೊಡ್ಡದು ಯಾಕೆ ಎಂದು ಸುಭಾಷ್ ಕೇಳಿದರೆ ಅಂಗಿಯ ಒಳಗಿನಿಂದ, "ಬೆಳೀತೀನಿ," ಎಂದು ಉತ್ತರ ಬಂತು. ಒಬ್ಬಳು ಕೆಂಪು ಫ್ರಾಕ್ ತೆಗೆದುಕೊಂಡಳು. ಅವಳ ಕೈಯಲ್ಲಿ ಕೆಂಪು ಕಂಡ ಇನ್ನೊಬ್ಬಳು ತನ್ನ ನೀಲಿ ಇಟ್ಟು ಕೆಂಪು ಹಿಡಿದಳು. ಇವಳು ಕೆಂಪು ಹಿಡಿದಳಲ್ಲ ಎಂದು ಅವಳು ನೀಲಿಗೆ ಬಂದಳು. ಹೀಗೆ ಆ ಎರಡು ಫ್ರಾಕುಗಳು ಬಳ್ಳಾರಿಯಿಂದ ಹೈದರಾಬಾದಿಗೆ ಹೋಗಿ ಬರುವಷ್ಟು ದೂರ ಆ ಮಹಡಿಯ ಮೇಲೆಯೇ ತಿರುಗಿದವು. ಎಲ್ಲರಿಗಿಂತ ಚಿಕ್ಕವನು, ಉಜ್ಜಿನಪ್ಪನ ಮೊಮ್ಮಗ ಜಡೆಪ್ಪ, ನೇರವಾಗಿ ಹೋಗಿ ಒಂದು ಹಳದಿ ಮಳೆಕೋಟು ಹಾಕಿಕೊಂಡು ಬಂದು ನಿಂತ.

"ಲೇ, ಮಳಿ ಎಲ್ಲೈತೋ ಮಗನ?" ಎನ್ನಲು ಬಾಯಿ ತೆರೆದ ಉಜ್ಜಿನಪ್ಪ, ಅವ್ವನ ಷರತ್ತು ನೆನಪಾಗಿ ಬಾಯಿ ಮುಚ್ಚಿದ. ನಾಲಿಗೆಯ ತುದಿಗೆ ಬಂದ ಮಾತುಗಳನ್ನು ನುಂಗಿ ನುಂಗಿ ಅವನಿಗೆ ಆ ದಿನ ಊಟವೇ ಬೇಕಾಗಲಿಲ್ಲ. ಜಡೆಪ್ಪ ಬೆವರು ಸುರಿಸುತ್ತ, ನಗುತ್ತ, ಹೊರಗೆ ಒಣಗಿ ಒಳಗೆ ನೆನೆದು ಕೂತ.

ಸಂಜೆಯ ಹೊತ್ತಿಗೆ ಆರು ಮಕ್ಕಳದು ಹೇಗೋ ಮುಗಿಯಿತು. ಉಳಿದವಳು ಪಂಪಾವತಿ ಒಬ್ಬಳೇ. ಇಡೀ ಮನೆಯ ಎದುರು ನಿಂತು ವಾದಿಸಿದ ಹುಡುಗಿ ಬಟ್ಟೆಯ ಸಾಲಿನ ನಡುವೆ ಸುಮ್ಮನೆ ನಿಂತಿದ್ದಳು. ಒಂದನ್ನು ಮುಟ್ಟುವುದು, ಬಿಡುವುದು. ಇನ್ನೊಂದನ್ನು ಮೈಗೆ ಹಿಡಿದು ಕನ್ನಡಿ ನೋಡುವುದು, ವಾಪಸು ತೂಗುಹಾಕುವುದು. ಕಡೆಗೆ ಸ್ಟೂಲಿನ ಹತ್ತಿರ ಬಂದಳು. ಕಣ್ಣು ಕೆಂಪಾಗಿದ್ದವು.

"ದೊಡ್ಡಪ್ಪ, ನೀವ ಹೇಳ್ರಿ. ನನಗ ತಿಳೀವಲ್ದು."

ಸಿರುಗುಪ್ಪದ ಬಸ್ಸಿಗೆ ಹೊತ್ತಾಗಿತ್ತು. ಎರಡು ಮಕ್ಕಳು ಉಜ್ಜಿನಪ್ಪನ ಕಾಲ ಮೇಲೆಯೇ ನಿದ್ದೆ ಹೋಗಿದ್ದವು. ಅವನ ಕಣ್ಣ ಮುಂದೆಯೇ ಒಂದು ಒಳ್ಳೆಯ ನೀಲಿ ಚೂಡಿದಾರ ತೂಗುತ್ತಿತ್ತು. ಒಂದು ಬೆರಳು ಎತ್ತಿದ್ದರೆ ಸಾಕು, ಎಲ್ಲರೂ ಬಸ್ಸು ಹತ್ತಬಹುದಿತ್ತು. ಆದರೆ ಆ ಬೆರಳಿನ ಹಿಂದೆ ಅವನು ಸಾಯುವವರೆಗಿನ ಥಾನುಗಳೆಲ್ಲ ಸಾಲಾಗಿ ನಿಂತಿದ್ದವು. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ.

"ನಾ ಹೇಳಂಗಿಲ್ಲವ್ವಾ."

"ಸಿಟ್ಟೇನು ನಿಮಗ?"

"ಸಿಟ್ಟಲ್ಲ ಮಗಳ. ನಾ ಹೇಳಿದ್ರ ಅದು ನಂದಾಕ್ಕೈತಿ. ಬಸ್ ಹೋದ್ರ ಹೋಗ್ಲಿ, ಇನ್ನೊಂದು ಬರ್ತೈತಿ. ನಿಂದ್ರು. ಎಷ್ಟೊತ್ತು ಬೇಕೋ ಅಷ್ಟೊತ್ತು ನಿಂದ್ರು."

ಬಸ್ಸು ಹೋಯಿತು. ಪಂಪಾವತಿ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ತನ್ನ ಕಾಲುಗಳನ್ನು ನೋಡಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು: "ಬಣ್ಣ ಹೆಂಗಿದ್ರೂ ನಡೀತೈತಿ ದೊಡ್ಡಪ್ಪ. ಇಲ್ಲಿರೋವೆಲ್ಲಾ ಯಾರದೋ ಅಳತಿ. ಒಂದು ಇಲ್ಲಿ ಬಿಗಿ, ಒಂದು ಅಲ್ಲಿ ಸಡ್ಲ. ನನಗ ನನ್ನ ಅಳತೀದು ಬೇಕು. ಒಂದು ಸಲಾನೂ ಹಾಕ್ಕೊಂಡಿಲ್ಲ ನಾನು."

ಅವಳು ಎದ್ದು ಕೆಳಗಿಳಿದು ಹೋಗಿ ಥಾನುಗಳ ಮುಂದೆ ನಿಂತಳು. ಮೇಲೆ ಅಷ್ಟು ಹೊತ್ತು ಪರದಾಡಿದವಳು ಇಲ್ಲಿ ಬದನೆಕಾಯಿ ಬಣ್ಣದ ಒಂದು ಥಾನಿನ ಮೇಲೆ ಕೈ ಇಟ್ಟು ತೆಗೆಯಲಿಲ್ಲ. ಸುಭಾಷ್ ಅಭ್ಯಾಸದಂತೆ ಥಾನು ಬಿಚ್ಚಿ, ಮೀಟರ್ ಕೋಲು ಹಿಡಿದು ಏಳು ಮಂದಿಗೆ ಅಳೆಯುತ್ತ ಹೊರಟ.

"ಸಾಕ್ರಿ, ಸಾಕ್ರಿ," ಎಂದಳು. "ನನಗ ಒಬ್ಬಾಕಿಗಷ್ಟ."

ಮರುದಿನ ಸಿರುಗುಪ್ಪದಲ್ಲಿ ಓಬಳೇಶ ಬಟ್ಟೆ ತೆಗೆದುಕೊಂಡು, ಇನ್ನೊಂದು ಕೈ ಚಾಚಿ, "ಹುರಿ ಎಲ್ಲಿ?" ಎಂದು ಕೇಳಿದ.

"ನಾನ ಬಂದೀನಲ್ಲ," ಎಂದಳು ಪಂಪಾವತಿ.

ಓಬಳೇಶ ಕನ್ನಡಕ ಏರಿಸಿ ಅವಳನ್ನು ನೋಡಿದ. ಅಷ್ಟು ವರ್ಷ ತಾನು ಹೊಲಿದ ಗಂಟಿಗೆ ಕಣ್ಣು ಮೂಗು ಇರುವುದನ್ನು ಕಂಡು ಕನ್ನಡಕ ತೆಗೆದು ಒರೆಸಿಕೊಂಡ. ಹೆಂಡತಿ ಸುಂಕಮ್ಮನನ್ನು ಕರೆದು ಟೇಪು ಕೊಟ್ಟ. ಸುಂಕಮ್ಮ ಅಳತೆ ತೆಗೆಯುತ್ತ ಕೇಳಿದಳು: "ಬೆಳ್ಯಾಕ ಎಷ್ಟು ಬಿಡ್ಲವ್ವಾ?"

"ಏನೂ ಬಿಡಬ್ಯಾಡ್ರಿ. ಬೆಳದಾಗ ಮತ್ತ ಬರ್ತೀನಿ."

ದೀವಳಿಗೆಯ ಅಮಾವಾಸ್ಯೆ ಬಂತು. ಮಕ್ಕಳು ಎಣ್ಣೆ ನೀರು ಮುಗಿಸಿ ಹೊಸ ಬಟ್ಟೆ ಹಾಕಿಕೊಂಡು ಅಂಗಳಕ್ಕೆ ಬಂದವು. ಉಜ್ಜಿನಪ್ಪ ಕಂಬಕ್ಕೆ ಒರಗಿ ಪರೀಕ್ಷೆಯ ಫಲಿತಾಂಶ ನೋಡುವವನಂತೆ ಒಂದೊಂದೇ ಮುಖ ನೋಡಿದ. ದೊಡ್ಡ ಅಂಗಿಯ ಹುಡುಗ ತೋಳು ಮಡಚಿ ಮಡಚಿ ಕೈ ಹುಡುಕಿಕೊಂಡಿದ್ದ, ಖುಷಿಯಾಗಿದ್ದ. ಕೆಂಪು ನೀಲಿ ಹುಡುಗಿಯರು ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿದ್ದರು. ಜಡೆಪ್ಪನ ಮಳೆಕೋಟಿನ ಹಳದಿಗೆ ಹಣತೆಗಳು ಮಂಕಾಗಿದ್ದವು. ಪಂಪಾವತಿ ಬದನೆಕಾಯಿ ಬಣ್ಣದ ಚೂಡಿದಾರದಲ್ಲಿ ಬಂದಳು. ಅದು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತ್ತು. ಅವಳು ಅಂಗಳದಲ್ಲಿ ಆಚೆಯಿಂದ ಈಚೆಗೆ ಸುಮ್ಮನೆ ನಡೆದಳು, ಮತ್ತೆ ಈಚೆಯಿಂದ ಆಚೆಗೆ ನಡೆದಳು. ಸುನಂದಾ ಆಗಲೇ ಕುರುಗೋಡಿಗೆ ಫೋನು ಹಚ್ಚಿ, ಫೋನು ಬೇಕಿಲ್ಲದಷ್ಟು ಜೋರಾಗಿ ವರ್ಣಿಸುತ್ತಿದ್ದಳು.

ಉಜ್ಜಿನಪ್ಪನ ಮುಖ ಮೊಣಕಾಲಿನಿಂದ ಮೇಲೇರಿ ತನ್ನ ಜಾಗಕ್ಕೆ ಬಂತು. ತಟ್ಟೆಯ ಮುಂದೆ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಂಡ. ಮೊದಲ ತುತ್ತು ಬಾಯಿಗೆ ಹೋಗುವಾಗ ಚನ್ನವೀರಮ್ಮ ಬಂದು ಕಿವಿಯ ಹತ್ತಿರ ಬಗ್ಗಿದಳು.

"ಒಂದು ಮಾರಿ ಬಾಡೈತಿ ನೋಡ್ರಿ."

ತುತ್ತು ಕೈಯಲ್ಲೇ ನಿಂತಿತು. "ಯಾವ ಹುಡುಗಂದು?"

"ಹುಡುಗಂದಲ್ಲ. ನಿಮ್ಮವ್ವಂದು."

ದೊಡ್ಡಬಸಮ್ಮ ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಹೊಸ ಸೀರೆ ಮಡಿಕೆ ಬಿಚ್ಚದೆ ಪಕ್ಕದಲ್ಲೇ ಇತ್ತು. ಹೋಳಿಗೆ ಹಾಗೆಯೇ ಇತ್ತು. ಉಜ್ಜಿನಪ್ಪ ಎದುರಿಗೆ ಕೂತ.

"ಏನಾತವ್ವಾ?"

"ಏನಿಲ್ಲ."

"ಏನಿಲ್ಲ ಅಂದ್ರ ಹೋಳಿಗಿ ಯಾಕ ಉಳೀತು?"

"ಈ ಸೀರಿ ಯಾರು ಆರಿಸಿದ್ರು?"

"ನಾನ ತಂದೀನಲ್ಲವ್ವಾ. ಪ್ರತಿ ವರ್ಷದಂಗ."

"ಅದ ಮತ್ತ," ಎಂದಳು ದೊಡ್ಡಬಸಮ್ಮ. ಆಮೇಲೆ ಗೋಡೆಗೇ ಹೇಳಿದಳು: "ಮದಿವೀ ಸೀರಿ ನಮ್ಮಪ್ಪ ಆರಿಸಿದ. ಆಮ್ಯಾಲೆ ನಿಮ್ಮಪ್ಪ. ಆಮ್ಯಾಲೆ ನೀನು. ಒಂದ ನಮೂನಿ, ಒಂದ ಬಣ್ಣ. ಐದು ವರ್ಷದ ಜಡೆಪ್ಪ ತನಗ ಬೇಕಾದ್ದು ಹಾಕ್ಕೊಂಡು ಬೆವರು ಸುರಿಸ್ಕೋತ ಕುಣ್ಯಾಕ ಹತ್ಯಾನ. ನಾ ಏನು ಅವನಕಿಂತ ಸಣ್ಣಾಕಿಯೇನು? ಕಡೀ ಸೀರಿ ಹೆಂಗೂ ನೀವ ಆರಿಸ್ತೀರಿ. ಆಗ ನಾ ಬ್ಯಾಡ ಅನ್ನಾಕ ಬರಂಗಿಲ್ಲ."

ಉಜ್ಜಿನಪ್ಪನಿಗೆ ನಗು ಬಂತೋ ಅಳು ಬಂತೋ ಹೇಳುವುದು ಕಷ್ಟ. ಎರಡಕ್ಕೂ ಬೇಕಾದಷ್ಟು ಕಸುವು ಅವನಲ್ಲಿ ಉಳಿದಿರಲಿಲ್ಲ.

"ಹಂಗಾದ್ರ ಥಾನು ತಿರುಗಿ ಬಂತೇನವ್ವಾ?"

ದೊಡ್ಡಬಸಮ್ಮ ಕಣ್ಣಂಚಿನಲ್ಲಿ ಮಗನನ್ನು ನೋಡಿದಳು. "ಪಾಡ್ಯ ಐತಲ್ಲ. ಹಬ್ಬ ಇನ್ನೂ ಎಲ್ಲಿ ಮುಗೀತು?"

ಪಾಡ್ಯದ ಬೆಳಿಗ್ಗೆ ಮೊದಲ ಬಸ್ಸಿಗೆ ತಾಯಿ ಮಗ ಹೊರಟರು. ಹೆಂಗಸರಿಗೆ ಬಸ್ಸು ಪುಕ್ಕಟೆ. ಆಕೆ ಆಧಾರ್ ಕಾರ್ಡನ್ನು ಕಂಡಕ್ಟರಿಗಷ್ಟೇ ಅಲ್ಲ, ಪಕ್ಕದ ಸೀಟಿನವರಿಗೂ ತೋರಿಸಿದಳು. ಸುಭಾಷ್ ಹಬ್ಬದ ದಿನ ಪೂಜೆಗೆಂದು ಅಂಗಡಿ ತೆರೆದವನು ಇವರ ಕೈಗೆ ಸಿಕ್ಕ. ದೊಡ್ಡಬಸಮ್ಮ ಗಾದಿಯ ಮೇಲೆ ಕಾಲು ಮಡಚಿ ಕೂತು, "ಮ್ಯಾಲಿನ ಸಾಲಿಂದ ತಗೀರಿ," ಎಂದಳು.

ಮೇಲಿನ ಸಾಲು ಮುಗಿಯಿತು, ನಡುವಿನದು ಮುಗಿಯಿತು, ಕೆಳಗಿನದೂ ಮುಗಿಯಿತು. ಸೀರೆಗಳ ರಾಶಿ ಬೆಳೆದು ಬಳ್ಳಾರಿ ಗುಡ್ಡದ ಮೇಲಿನ ಕೋಟೆ ಕಾಣದಾಯಿತು. ಸುಭಾಷ್ ರಾಶಿಯ ಆಚೆಯಿಂದ, "ಅಮ್ಮಾ, ಇನ್ನ ನನ್ನ ಮೈಮ್ಯಾಲಿನದೊಂದ ಉಳಿದೈತಿ," ಎಂದು ಕೂಗಿದ. ಆಕೆ ಪ್ರತಿಯೊಂದನ್ನೂ ಕೆನ್ನೆಗೆ ಒತ್ತಿ ನೋಡಿದಳು, ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿದಳು, ಸೆರಗನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಕನ್ನಡಿಯ ಮುಂದೆ ಎಷ್ಟು ಹೊತ್ತು ನಿಂತಳೆಂದರೆ ಸುಭಾಷ್ ಕೂಗುವುದನ್ನು ಬಿಟ್ಟು ಸೀರೆ ಮಡಚತೊಡಗಿದ. ಉಜ್ಜಿನಪ್ಪ ಸ್ಟೂಲಿನ ಮೇಲೆ ಕೂತೇ ನಿದ್ದೆ ಮಾಡಿದ, ಎದ್ದ, ಮತ್ತೆ ಮಾಡಿದ. ಥಾನು ಹೊರುವಾಗ ಬರೀ ಹೆಗಲು ನೋಯುತ್ತಿತ್ತು, ಈಗ ಕೂತಲ್ಲೇ ಎಲ್ಲವೂ ನೋಯುತ್ತಿತ್ತು. ವರ್ಷ ವರ್ಷವೂ ಇನ್ನು ಎಂಟು ಜನರನ್ನು ಕರೆತಂದು ಇದೇ ಸ್ಟೂಲಿನ ಮೇಲೆ ಕೂರಬೇಕಾದೀತು ಎಂಬ ಲೆಕ್ಕ ಅರೆನಿದ್ದೆಯಲ್ಲಿ ಹೊಳೆದು, ಬೆಚ್ಚಿಬಿದ್ದು ಪೂರಾ ಎಚ್ಚರಾದ.

"ಇದ ಇರ್ಲಿ," ಎಂದಳು ಕಡೆಗೆ ದೊಡ್ಡಬಸಮ್ಮ. ಗಿಳಿಹಸಿರು ಸೀರೆ, ಕೆಂಪು ಅಂಚು.

ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಬಸ್ಸು ನಿಲ್ದಾಣ ಬಿಟ್ಟು ತಿರುವಿಗೆ ಬರುವಷ್ಟರಲ್ಲಿ ಆಕೆ ಚೀಲದಿಂದ ಸೀರೆ ತೆಗೆದು ತೊಡೆಯ ಮೇಲೆ ಹರಡಿದಳು. ಸವರಿದಳು. ಕಿಟಕಿಯ ಬೆಳಕಿಗೆ ಹಿಡಿದಳು. ಕೈ ನಿಂತಿತು.

"ಉಜ್ಜಿನೀ."

"ಹೂಂ."

"ಆ ಇನ್ನೊಂದಿತ್ತಲ್ಲೋ. ಮೋಡದ ಬಣ್ಣದ್ದು. ಅದ ಚಲೋ ಇತ್ತೇನೋ?"

ಚಲೋ ಇತ್ತು ಎನ್ನುವಂತಿಲ್ಲ, ಇರಲಿಲ್ಲ ಎನ್ನುವಂತಿಲ್ಲ. ಉಜ್ಜಿನಪ್ಪ ತಾಯಿಯ ಮುಖ ನೋಡಿದ. ಅದು ಅಂಚಿನಿಂದ ಮೆಲ್ಲಗೆ ಬಾಡಲು ಶುರುವಾಗಿತ್ತು. ಎರಡೂ ಕೈಯಿಂದ ಮುಂದಿನ ಸೀಟು ಹಿಡಿದು ಎದ್ದು ನಿಂತ.

"ಕಂಡಕ್ಟರ್ ಸಾಹೇಬ್ರ, ಸೀಟಿ ಹೊಡೀರಿ. ಇಳಿಯೋದೈತಿ."

"ಈಗ ಹತ್ತೀರಲ್ರೀ ಯಜಮಾನ್ರ. ಏನರ ಮರತು ಬಂದ್ರೇನು?"

"ಇಲ್ರಿ," ಎಂದ ಉಜ್ಜಿನಪ್ಪ, ತಾಯಿಯ ಕೈ ಹಿಡಿದು ಬಾಗಿಲ ಕಡೆ ನಡೆಸುತ್ತ. "ನಮ್ಮವ್ವ ಈಗ ಆರಿಸಾಕ ಕಲ್ಯಾಕ ಹತ್ಯಾಳ."